ಕೌದಿಯ ಹೊಟ್ಟೆಗೆ ಹೋದ ಧೋತರಗಳು

ನಾನು ಬನಹಟ್ಟಿಯಲ್ಲಿ ಮಗ್ಗ ನಡೆಸುವವನು. ದಿನವಿಡೀ ಸೀರೆ ನೇಯಿಸುವವನ ಮನೆಯಲ್ಲಿ ಬಟ್ಟೆಗೆ ಬರ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಆದರೆ ಒಂದು ಬೆಳಗ್ಗೆ ಎದ್ದು ನೋಡಿದರೆ ರಾತ್ರಿ ಹೊದ್ದುಕೊಂಡ ಚಾದರ ಮೈಮೇಲೆ ಇರಲಿಲ್ಲ.

“ಒಂದ್ ಮಾತ್ ಕೇಳಿ ತಗೋಬೇಕಿಲ್ಲೇನ?” ಎಂದು ಹೆಂಡತಿಯನ್ನು ಗದರಿದೆ.

“ಮಕ್ಕೊಂಡವರನ್ನ ಎಬ್ಬಿಸಿ ಏನ್ ಕೇಳೂದ್ರಿ?” ಎಂದಳು ಶೈಲಾ. ಅಷ್ಟರಲ್ಲಿ ಚಾದರ ಚೌಕ ಚೌಕ ತುಂಡಾಗಿತ್ತು.

ನಮ್ಮ ಮಗಳು ಐಶ್ವರ್ಯ ಬಾಣಂತನಕ್ಕೆ ಬಂದು ಹೆಣ್ಣು ಹೆತ್ತಿದ್ದಳು. ಮನೆಯ ಹಿರಿಯಳು ಹೊಲಿದ ಕೌದಿ ಹಾಸದೆ ಕೂಸನ್ನು ತೊಟ್ಟಿಲಿಗೆ ಹಾಕುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಹಿರಿಯಳೆಂದರೆ ನನ್ನ ಅವ್ವ ಮುತ್ತವ್ವ. ಓಣಿಯ ಅರ್ಧ ಜನ ಅವಳು ಹೊಲಿದ ಕೌದಿಯ ಮೇಲೇ ಮಲಗಿ ದೊಡ್ಡವರಾದವರು. ಈಗ ಅವಳ ಕೈ ನಡುಗುತ್ತದೆ. ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು. ಒಂದು ದಿನ ಸೂಜಿಯನ್ನು ಡಬ್ಬಿಗೆ ಹಾಕಿ “ಶೈಲಾನ ಹೊಲೀಲಿ ತಗೋ” ಎಂದವಳು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವಳು. ಅವಳಿಗೆ ಏನು ಹೇಳಬೇಕೋ ತಿಳಿಯದೆ ನಾನು ಮಗ್ಗದವರ ಮೇಲೆ ರೇಗುತ್ತಿದ್ದೆ.

ಶೈಲಾಗೆ ಕೈಹೊಲಿಗೆ ಒಗ್ಗದು, ಮಷಿನ್ ಬರುತ್ತದೆ. ಮೊಬೈಲಿನಲ್ಲಿ ಅವಳೊಂದು ಹೊಸ ಬಗೆ ನೋಡಿದ್ದಳು. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಮಷಿನ್ನಿನ ಹಲ್ಲುಗಳನ್ನು ಕೆಳಗಿಳಿಸಿಬಿಡುವುದು. ಆಗ ಸೂಜಿ ಇದ್ದಲ್ಲೇ ಕುಟ್ಟುತ್ತದೆ. ಎರಡೂ ಕೈಯಿಂದ ಬಟ್ಟೆಯನ್ನು ಬೇಕಾದತ್ತ ಸರಿಸಿದರೆ ಹೊಲಿಗೆ ಬಳ್ಳಿಯ ಹಾಗೆ ಹರಿಯುತ್ತದೆ. ರೂಢಿಯಾಗಬೇಕಾದರೆ ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಮೆತ್ತನೆಯ ಹೂರಣ ಬೇಕು. ಅಂಗಡಿಯ ಹತ್ತಿ ಹಾಳೆ ಕಲಿಯುವವರು ಕೆಡಿಸಿ ಬಿಸಾಡುವಷ್ಟು ಅಗ್ಗವಲ್ಲ. ಹೀಗಾಗಿ ಹುಡುಕಾಟ ಮನೆಯೊಳಗೇ ಶುರುವಾಯಿತು.

ಮಗ್ಗದ ಚಿಂದಿ ನೂಲು ತುಂಬಿದಳು, ಗಂಟುಗಂಟಾಯಿತು. ಕಂಬಳಿ ಇಟ್ಟಳು, ಸೂಜಿ ಮುರಿಯಿತು. ಟಿವಿ ಡಬ್ಬಿಯೊಳಗೆ ಬಂದಿದ್ದ ಸ್ಪಂಜು ಮಷಿನ್ನಿಗೆ ಅಂಟಿಕೊಂಡು ಕೂತಿತು. ಚಾದರ ಪರವಾಗಿಲ್ಲ, ಆದರೆ ದಪ್ಪ ಎಂದಳು. ಅದನ್ನು ಹೊದೆಯುವ ನನ್ನನ್ನು ಕೇಳಿದ್ದರೆ ಹರಿಯುವ ಮೊದಲೇ ಹೇಳುತ್ತಿದ್ದೆ. ಕೊನೆಗೆ ನನ್ನ ಹಳೆಯ ಧೋತರಗಳನ್ನು ಮಡಚಿ ನಡುವೆ ಹಾಸಿದಳು. ಜಾರಲಿಲ್ಲ, ಉಬ್ಬಲಿಲ್ಲ, ಮೇಲಾಗಿ ಪುಕ್ಕಟೆ. ನಾನು ಪೈಜಾಮಕ್ಕೆ ಬಂದೆ. ಕೇಳಿದವರಿಗೆ “ಹಿಂಗ ಆರಾಮ ಅನಸ್ತೈತ್ರಿ” ಎಂದೆ.

ಹೂರಣ ಸರಿಹೋಯಿತು, ಕೈ ಸರಿಹೋಗಲಿಲ್ಲ. ಶೈಲಾ ಹಲ್ಲು ಕಚ್ಚಿ, ಕೈ ಬಿಗಿ ಹಿಡಿದು ಹೊಲಿಯುವಳು. ಬಳ್ಳಿ ಬರಬೇಕಾದಲ್ಲಿ ಬೇಲಿ ಬರುತ್ತಿತ್ತು. ಇತ್ತ ತೊಟ್ಟಿಲಿನ ದಿನ ಹತ್ತಿರವಾಯಿತು. ಎಷ್ಟು ಹೊತ್ತಿಗೆ ಬರಬೇಕೆಂದು ಲೋಕಾಪುರದ ಬೀಗರು ಫೋನು ಮಾಡತೊಡಗಿದರು.

ಅವತ್ತು ಮಧ್ಯಾಹ್ನ ಅವಳು ಕೌದಿಯಷ್ಟೇ ದೊಡ್ಡ ತುಂಡೊಂದನ್ನು ರೂಢಿಗೆಂದು ಮಷಿನ್ನಿಗೆ ಹಾಕಿದ್ದಳು. ಅದು ತನ್ನ ಭಾರಕ್ಕೆ ತಾನೇ ಕೆಳಗೆ ಜಾರತೊಡಗಿತು.

“ಅತ್ತಿ, ಒಂಚೂರು ಹಿಡೀರಿ!”

ಅವ್ವ ಗೊಣಗುತ್ತ ಎದ್ದು ಬಂದು ಎರಡೂ ಅಂಗೈಯನ್ನು ಬಟ್ಟೆಯ ಮೇಲೆ ಊರಿದಳು. ಶೈಲಾಳ ಕಾಲು ಪೆಡಲಿನ ಮೇಲೇ ಇತ್ತು, ಸೂಜಿ ಕುಟ್ಟುತ್ತಲೇ ಇತ್ತು. ಅವ್ವನ ಕೈ ನಡುಗಿತು, ಕೈಯ ಜೊತೆ ಬಟ್ಟೆಯೂ ನಡುಗಿತು. ಅವಳು ಮೆಲ್ಲಗೆ ಎಳೆದುಕೊಂಡಂತೆ ಸೂಜಿಯ ಕೆಳಗೆ ಸಣ್ಣ ಸಣ್ಣ ತೆರೆಗಳು ಒಂದರ ಬೆನ್ನಿಗೊಂದು ಬಿದ್ದವು. ಶೈಲಾ ಇಷ್ಟು ದಿನ ನನ್ನ ಹೊದಿಕೆ ಹರಿದು ಹುಡುಕಿದ್ದು ಅದನ್ನೇ.

ಅವ್ವ ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದಳು. “ಇದನ್ನ ಯಾರ್ ಹೊಲದ್ರು?”

“ನೀವರಿ.”

ಅವ್ವ ಬಟ್ಟೆಯನ್ನು ತಿರುವಿ ಅದರ ಅಂಚನ್ನು ಸೂಜಿಯ ಕೆಳಗೆ ತಂದಳು.

“ವಿಡಿಯೋದಾಗ ನಡುವಿಂದ ಶುರು ಮಾಡ್ತಾರ್ರಿ ಅತ್ತಿ.”

“ಅವರಿಗೆ ಕೌದಿ ಗೊತ್ತಿಲ್ಲ. ಅಂಚಿಂದ ಒಳಗ ಹೋಗಬೇಕ.”

ನಾನು ಬಾಗಿಲಲ್ಲಿ ನಿಂತಿದ್ದೆ. ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲು ಮನೆಯಲ್ಲಿ ಬಟ್ಟೆ ಇರಲಿಲ್ಲ.

ಸಂಜೆಯಾದರೂ ಅವ್ವ ಏಳಲಿಲ್ಲ. ದಣಿದಾಳೆಂದು ಶೈಲಾ ಕೈ ಚಾಚಿದಳು.

“ಸಾಕ್ರಿ ಅತ್ತಿ, ಉಳದಿದ್ದನ್ನ ನಾ ಮುಗಸ್ತೀನಿ.”

ಅವ್ವ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು.

“ಕೌದಿ ನಂದ. ನೀ ಪೆಡಲಷ್ಟ ಒತ್ತು.”