ಈಯದ ಚೊಂಬು

ತೊಂಬತ್ತಾರರಲ್ಲಿ ಅಡುಗೆಮನೆಗೆ ಹೊಸ ಕಪಾಟು ಹಾಕಿಸಿದಾಗ ನಾನು, ಆಂಡಾಳ್ ಎಂಬ ಮಹಾ ಜಾಣೆ, ಹಿತ್ತಾಳೆ ಡಬ್ಬ, ಪಿಂಗಾಣಿ ಜಾಡಿ ಎಲ್ಲವನ್ನೂ ಎನ್.ಆರ್. ಕಾಲೋನಿಗೆ ಬರುತ್ತಿದ್ದ ಪಾತ್ರೆಯವಳಿಗೆ ಕೊಟ್ಟು ಪ್ಲಾಸ್ಟಿಕ್ ಡಬ್ಬ ತಗೊಂಡೆ. ಹಸಿರು ಮುಚ್ಚಳ, ಎಲ್ಲ ಒಂದೇ ಅಳತೆ. ಅತ್ತೆ ಜಾನಕಮ್ಮ ಹೇಳಿದ್ದು ಒಂದೇ ಮಾತು. "ನನ್ನ ಈಯದ ಚೊಂಬು ಮಾತ್ರ ಮುಟ್ಬೇಡ." ತವರ ಎಂಬ ಮೆತ್ತನೆ ಲೋಹದಲ್ಲಿ ಮಾಡಿದ ಆ ಚೊಂಬು ಅವರಮ್ಮ ಮದುವೆಗೆ ಕೊಟ್ಟದ್ದು. ಅದರಲ್ಲಿ ಕುದಿಸಿದ ಸಾರಿನ ರುಚಿಯೇ ಬೇರೆ. ಅವರೇ ಅದನ್ನು ಒಲೆಗಿಡುತ್ತಿದ್ದರು, ಅವರೇ ತೊಳೆಯುತ್ತಿದ್ದರು.

ಹತ್ತು ವರ್ಷದ ಮೇಲೆ ಅತ್ತೆ ಹಾಸಿಗೆ ಹಿಡಿದರು, ಚೊಂಬು ಅಟ್ಟ ಸೇರಿತು. "ಎಲ್ಲಾ ಪ್ಲಾಸ್ಟಿಕ್ ವಾಸ್ನೆ ಕಣೆ" ಎಂದು ತಟ್ಟೆ ದೂಡುವರು. ನನಗೆ ಮೈ ಉರಿಯುತ್ತಿತ್ತು. ಹೊಟ್ಟೆಗೆ ಏನಾದರೂ ಹೋಗದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು. ಅದೇ ವಾರ ಮಗಳು ಧೃತಿ ಕಾಲೇಜಿನಿಂದ ಬಂದವಳು, "ಅಮ್ಮ, ಬಿಸಿ ಪದಾರ್ಥ ಪ್ಲಾಸ್ಟಿಕ್‌ಗೆ ಹಾಕ್ಬಾರ್ದಂತೆ, ಆರೋಗ್ಯಕ್ಕೆ ಒಳ್ಳೇದಲ್ವಂತೆ. ಎಸೆದ್ರೂ ಮಣ್ಣಲ್ಲಿ ಕರಗಲ್ಲ" ಎಂದಳು. ನಾನು ಹತ್ತು ವರ್ಷ ಬಿಸಿ ಹುಳಿ, ಬಿಸಿ ಪಲ್ಯ ಅದಕ್ಕೇ ಸುರಿದು ಮುಚ್ಚಿಟ್ಟವಳು. ಮುದುಕಿ ಹೇಳುತ್ತಿದ್ದದ್ದು ನಿಜ. ನಾಚಿಕೆಯಾಯಿತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಒಂದೇ ಬೆಳಿಗ್ಗೆ ಡಬ್ಬಗಳನ್ನೆಲ್ಲ ಚೀಲಕ್ಕೆ ತುಂಬಿ ಗೇಟಿನ ಪಕ್ಕ ಇಟ್ಟೆ. ಗಾಂಧಿ ಬಜಾರಿನಿಂದ ಸ್ಟೀಲ್ ಡಬ್ಬ ತಂದೆ. ಮಂಚದ ಪಕ್ಕ ನಿಂತು, "ಇವತ್ತು ನಿಮ್ಮ ಚೊಂಬಲ್ಲೇ ಸಾರು ಮಾಡ್ತೀನಿ ಅತ್ತೆ" ಎಂದೆ. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಆಸೆ ಕಂಡಿತು.

"ಎರಡು ಹನಿ ತುಪ್ಪ ಹಾಕು" ಎಂದರು.

ಚೊಂಬನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದೆ. ಒದ್ದೆ ಆರಲೆಂದು, ಸ್ಟೀಲ್ ಪಾತ್ರೆಗೆ ಮಾಡುವಂತೆ, ಗ್ಯಾಸ್ ಹಚ್ಚಿ ಮೇಲಿಟ್ಟು, ಕರಿಬೇವು ಕೀಳಲು ಹಿತ್ತಲಿಗೆ ಹೋದೆ. ಈಯಕ್ಕೆ ಬರಿದೇ ಬೆಂಕಿ ತೋರಿಸಬಾರದು. ಮೊದಲು ನೀರು, ಆಮೇಲೆ ಒಲೆ. ನಾನು ಮದುವೆಯಾಗಿ ಬಂದ ವಾರವೇ ಅತ್ತೆ ಹೇಳಿಕೊಟ್ಟಿದ್ದರು. ವಾಪಸು ಬಂದಾಗ ಚೊಂಬಿನ ತಳ ಕರಗಿ ಬರ್ನರ್ ಮೇಲೆಲ್ಲ ಹರಿದಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಕರಿಬೇವು ಕೈಯಲ್ಲೇ ಹಿಡಿದು ನೆಲದ ಮೇಲೆ ಕೂತುಬಿಟ್ಟೆ.

ಸ್ಟೀಲ್ ಪಾತ್ರೆಯಲ್ಲಿ ಸಾರು ಮಾಡಿ, ತುಪ್ಪ ಹಾಕಿ, ಬೆಳ್ಳಿ ಲೋಟದಲ್ಲಿ ಕೊಟ್ಟೆ. ಚೊಂಬಿನದೇ ಎಂದು ಸುಳ್ಳು ಹೇಳಿದೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿದರು.

"ಕರಗಿ ಹೋಯ್ತಾ?"

ನಾನು ಹೂಂ ಎಂದೆ.

"ಹೋಗ್ಲಿ ಬಿಡು. ನಾಳೆಯಿಂದ ನಂಗೆ ಅಂತ ಏನೂ ಮಾಡ್ಬೇಡ" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಆಮೇಲೆ ಅವರು ಏನನ್ನೂ ಬಾಯಿಗಿಡಲಿಲ್ಲ. ಒಂಬತ್ತನೆಯ ದಿನ ಉಸಿರು ನಿಂತ ಅವರನ್ನು ಹೊರಗೆ ತಂದು ಮಲಗಿಸಿದೆವು. ಯಾರೂ ಒಯ್ಯದ ಆ ಡಬ್ಬಗಳ ಚೀಲ ಗೇಟಿನ ಪಕ್ಕದಲ್ಲೇ ಇತ್ತು. ಒಂದಕ್ಕೂ ಏನೂ ಆಗಿರಲಿಲ್ಲ.