ಗೆಡ್ಡೆ ಕಪ್ಪಾಗಿತ್ತು

ಸಿರುಗುಪ್ಪದ ಬಹುಗಂಭೀರ ಘಟನೆಯೊಂದನ್ನು ಮೊದಲು ತಿಳಿಸಬೇಕು: ಭತ್ತದ ದಲಾಲಿ ನನ್ನೇಸಾಬರ ಮನೆಯ ಕಿಟಕಿ ಪರದೆಯನ್ನು ಬಿಚ್ಚಲಾಯಿತು. ಓಣಿಯವರೆಲ್ಲ ಕಾರಣ ಕೇಳಿದರು. ಹೆಂಡತಿ ರಜಿಯಾಳ ಸ್ಕ್ಯಾನ್ ಫಿಲಂ ನೋಡಲು ಬೆಳಕು ಬೇಕಿತ್ತು.

ರಜಿಯಾಳ ಹೊಟ್ಟೆಯಲ್ಲಿ ಕ್ಯಾನ್ಸರ್ ಗೆಡ್ಡೆ. ಗೆಡ್ಡೆಯನ್ನೇ ಗುರಿಯಿಟ್ಟು ಹೊಡೆಯುವ ಗುಳಿಗೆಯನ್ನು ದಿನಾ ನುಂಗುತ್ತಿದ್ದಳು. ಅದು ಹಿಡಿಸುತ್ತದೋ ಇಲ್ಲವೋ ತಿಳಿಯಲು ಬಳ್ಳಾರಿಯಲ್ಲಿ ಎರಡನೆಯ ಸ್ಕ್ಯಾನ್ ಆಗಿತ್ತು. ಫಿಲಂ ಕೈಗೆ ಬಂದಿತ್ತು, ಡಾಕ್ಟರನ್ನು ಕಾಣುವ ದಿನ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ನೆರೆಮನೆಯ ಎರ್ರಣ್ಣ, ಅವನೂ ದಲಾಲಿಯೇ, ಹಳೆಯ ಫಿಲಂ ಹೊಸ ಫಿಲಂ ಎರಡನ್ನೂ ಕಿಟಕಿಗೆ ಹಿಡಿದ.

"ಗಂಟು ಇದ್ದಷ್ಟೇ ಐತಿ, ಸಾಬಣ್ಣ. ಮೊದಲು ಬೆಳ್ಳಗಿತ್ತು, ಈಗ ಕರ್ರಗಾಗೇತಿ. ಕಾಳು ಕಪ್ಪಾದ್ರ ರೋಗ ಬಿತ್ತು ಅಂತ ಮಾಲು ವಾಪಸ್ ಕಳಸಲ್ಲೇನು ನಾವು?"

"ನನ್ನ ಹೊಟ್ಟಿ ಭತ್ತದ ಮಂಡಿಗೆ ಬಂದಿಲ್ಲಣ್ಣ," ಎಂದಳು ರಜಿಯಾ.

ನನ್ನೇಸಾಬರು ಮಾತ್ರ ಎರ್ರಣ್ಣನ ಮಾತು ನಂಬಿದರು, ಗುಳಿಗೆಯಿಂದಲೇ ರೋಗ ಹೆಚ್ಚಿತೆಂದುಕೊಂಡರು. ಗುಳಿಗೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಕೀಲಿ ನಿಮ್ಮ ಕಡೀನ ಇರ್ಲಿ," ಎಂದಳು ರಜಿಯಾ. " ಫಿಲಂ ಓದಾಕ ಬರೋರ ಹತ್ರ ನಾಳೆ ಹೋಗೂಣು. ಅವರೂ ಬ್ಯಾಡಂದ್ರ ಗುಳಿಗಿ ಬಿಡ್ತೀನಿ."

ಮರುದಿನ ಬಳ್ಳಾರಿ ಬಸ್ಸು ಕುರುಗೋಡು ದಾಟಿದ ಮೇಲೆ ಅದಿರು ಲಾರಿಗಳ ಸಾಲು. ಕೆಂಪು ಧೂಳು ತಾಗದಂತೆ ರಜಿಯಾ ಫಿಲಂಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಬಳ್ಳಾರಿಯ ಡಾಕ್ಟರ್ ದಾಕ್ಷಾಯಣಮ್ಮ ಎರಡೂ ಫಿಲಂ ನೋಡಿ ಕೇಳಿದರು: "ಭತ್ತ ಹೆಂಗ ಕೊಳ್ತೀರಿ? ಬರೇ ಕಾಳಿನ ಗಾತ್ರ ನೋಡಿ?"

"ಅದೆಂಗ್ರಿ? ಜೊಳ್ಳೂ ಅಷ್ಟೇ ದಪ್ಪ ಕಾಣ್ತೈತಿ. ಹಲ್ಲಿಂದ ಕಚ್ಚಿ ನೋಡಬೇಕು."

"ಈ ಸ್ಕ್ಯಾನ್ ಹಂಗ ಕಚ್ಚಿ ನೋಡ್ತೈತಿ. ನರದಾಗ ಔಷಧಿ ಬಿಟ್ಟು ಚಿತ್ರ ತೆಗಿತೀವಿ. ರಕ್ತ ಕುಡಿಯೋ ಗೆಡ್ಡಿ ಬೆಳ್ಳಗ ಕಾಣ್ತೈತಿ. ಇದು ಕಪ್ಪಾಗೇತಿ ಅಂದ್ರ ಗುಳಿಗಿ ಹಿಡಿಸೇತಿ, ಗೆಡ್ಡಿ ಒಳಗ ಸಾಯಾಕ ಹತ್ತೇತಿ. ಗಾತ್ರ ಆಮ್ಯಾಲೆ ಇಳೀತೈತಿ."

"ಕಪ್ಪಾಗದಿದ್ರ?" ರಜಿಯಾ ಕೇಳಿದಳು.

"ಎಲ್ಲರಿಗೂ ಹಿಡಸಂಗಿಲ್ಲಮ್ಮ. ಆಗ ಬ್ಯಾರೆ ಔಷಧಿ ನೋಡಬೇಕು. ಹೊತ್ತು ಹೋಗೂದ್ರೊಳಗ ಗೊತ್ತಾಗ್ಲಿ ಅಂತ ಈ ಚಿತ್ರ."

ನನ್ನೇಸಾಬರು ಕಪಾಟಿನ ಕೀಲಿಯನ್ನು ಹೆಂಡತಿಯ ಕೈಗಿಟ್ಟರು.

ಓದುಗರೇ, ಸ್ಕ್ಯಾನ್ ಫಿಲಂ ನಿಮ್ಮ ಕಿಟಕಿಯಲ್ಲಿ ತೀರ್ಮಾನವಾಗುವಂಥದ್ದಲ್ಲ. ಡಾಕ್ಟರು ಹೇಳಿದ ಹೊತ್ತಿಗೆ ಮರುಸ್ಕ್ಯಾನ್ ಮಾಡಿಸಿ. ಹಳೆಯ ಫಿಲಂಗಳನ್ನೂ ಜೊತೆಗೆ ಒಯ್ಯಿರಿ. ಅವರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ.

ಮುಂದಿನ ಸ್ಕ್ಯಾನಿನಲ್ಲಿ ಗೆಡ್ಡೆ ಚಿಕ್ಕದಾಗಿತ್ತು. ರಜಿಯಾ ಈಗಲೂ ಗುಳಿಗೆ ನುಂಗುತ್ತಾಳೆ.