ಹದಿನಾರನೇ ತಾರೀಕಿನ ಸರಿ ಗುರುತು

ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು ಬಗ್ಗಿದಾಗ ಅವಳ ಉಸಿರು ಗಾಜಿನ ಮೇಲೆ ಮಂಜಾಗಿ ಕೂತಿತು. ಮುಖ ಪಕ್ಕಕ್ಕೆ ತಿರುಗಿಸಿ, ಸ್ವಲ್ಪ ಕಾದು, ಉಸಿರು ಬಿಗಿಹಿಡಿದು ಮತ್ತೆ ನೋಡಿದಳು. ಅಡ್ಡಲಾಗಿ ಮಲಗಿದ್ದ ಥರ್ಮಾಮೀಟರಿನೊಳಗೆ ಸಣ್ಣ ಕರಿ ಕಡ್ಡಿ ನಾಲ್ಕು ದಶಾಂಶ ಮೂರರಲ್ಲಿ ನಿಂತಿತ್ತು. ಮಾರ್ಚ್ ಹದಿನೇಳು. ಹೋದ ವಾರವಷ್ಟೇ ಊರಿಗೆ ಊರೇ ಫ್ಯಾನು ಹಾಕಿಕೊಂಡು ಮಲಗಿತ್ತು. ಬೇಲಿಯಾಚೆಯ ಮರಗಳು ಚಿಗುರಿ ಮುಗಿಸಿದ್ದವು. ಈಗ ಆ ಚಿಗುರೂ ಕಾಣುತ್ತಿರಲಿಲ್ಲ, ಬೇಲಿಯೂ ಕಾಣುತ್ತಿರಲಿಲ್ಲ.

ರಾತ್ರಿ ಎಷ್ಟು ತಣ್ಣಗಾಗುತ್ತದೋ ಅಷ್ಟು ದೂರ ಕೊಳವೆಯ ದ್ರವ ಆ ಕಡ್ಡಿಯನ್ನು ಎಳೆದುಕೊಂಡು ಹೋಗುತ್ತದೆ. ಬಿಸಿಲೇರಿದಾಗ ದ್ರವ ಹಿಂದಕ್ಕೆ ಬರುತ್ತದೆ, ಕಡ್ಡಿ ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ ಅಂಕಿ ಓದಿದವರು ಕೊಳವೆಯನ್ನು ಓರೆ ಮಾಡಿ ಕಡ್ಡಿಯನ್ನು ಮತ್ತೆ ದ್ರವದ ತುದಿಗೆ ಜಾರಿಸಬೇಕು, ರಿಜಿಸ್ಟರಿನಲ್ಲಿ ಅದಕ್ಕೆಂದೇ ಇರುವ ಕಾಲಮ್ಮಿನಲ್ಲಿ ಸರಿ ಗುರುತು ಹಾಕಬೇಕು. ಮರೆತರೆ ಮಾರನೆಯ ದಿನವೂ ಅದು ಹಳೆಯ ಚಳಿಯನ್ನೇ ತೋರಿಸುತ್ತದೆ.

ಅವಳು ಕೊಳವೆಗೆ ಕೈಹಾಕುವಷ್ಟರಲ್ಲಿ ಜೇಬಿನಲ್ಲಿ ಫೋನು ಅದುರಿತು.

"ಅಕ್ಕಾ, ಈ ಮಂಜು ಯಾವಾಗ ಏಳುತ್ತೆ ಹೇಳಿಬಿಡಿ." ಟರ್ಮಿನಲ್ ಮ್ಯಾನೇಜರ್. ಅವನ ಹಿಂದೆ ಸಂತೆಯಂಥ ಗದ್ದಲ. "ಹನ್ನೊಂದು ವಿಮಾನ ನೆಲಕ್ಕೆ ಅಂಟಿಕೊಂಡು ಕೂತಿವೆ. ಇಲ್ಲಿ ಕಾಲಿಡೋಕೆ ಜಾಗ ಇಲ್ಲ, ಜನ ಲಗೇಜ್ ಬೆಲ್ಟ್ ಮೇಲೆಲ್ಲ ಮಲಗಿಬಿಟ್ಟಿದಾರೆ. ಒಬ್ಬರು ನನ್ನ ಟೈ ಹಿಡ್ಕೊಂಡೇ ಮಾತಾಡ್ತಿದಾರೆ, ಬಿಡ್ತಾನೇ ಇಲ್ಲ."

"ಹನ್ನೆರಡರ ಮೇಲೆ."

"ಹನ್ನೆರಡರ ಮೇಲೆ ಅಂದ್ರೆ ಹನ್ನೆರಡೂವರೆನಾ, ಒಂದಾ?"

"ಅದು ನನ್ನ ಕೇಳಿ ಏಳಲ್ಲ ಕಣಪ್ಪ."

"ಹೋಗಲಿ, ಇದು ದಾಖಲೆ ಚಳಿ ತಾನೆ? ಅದೊಂದು ಮಾತು ಕೊಡಿ ಅಕ್ಕ, ಮೈಕಲ್ಲಿ ಹೇಳ್ತೀನಿ. ದಾಖಲೆ ಅಂದ್ರೆ ಜನ ಸುಮ್ಮನಾಗ್ತಾರೆ, ಮನೆಗೆ ಹೋಗಿ ಹೇಳ್ಕೊಳ್ಳೋಕಾದ್ರೂ ಆಗುತ್ತೆ. ಮಾಮೂಲಿ ಚಳಿ ಅಂದ್ರೆ ನನ್ನ ಹಸಿಹಸಿ ತಿಂತಾರೆ."

"ನೋಡಿ ಹೇಳ್ತೀನಿ," ಎನ್ನುತ್ತ ಅವಳು ಪೆಟ್ಟಿಗೆಯ ಬಾಗಿಲಿಗೆ ಚಿಲಕ ಹಾಕಿ, ಹುಲ್ಲಿನ ಮೇಲೆ ತನ್ನದೇ ಹೆಜ್ಜೆಗುರುತು ಹಿಡಿದು ಕೋಣೆಗೆ ಬಂದಳು.

ರನ್‌ವೇಯ ತುದಿಯಲ್ಲಿದ್ದ ಆ ಹವಾಮಾನ ಕೇಂದ್ರಕ್ಕೆ ಇದ್ದದ್ದು ಒಂದೇ ಕೋಣೆ. ಎರಡು ಮೇಜು, ಎರಡು ಕುರ್ಚಿ. ಒಂದು ಕುರ್ಚಿಯ ಮೇಲೆ ಈಗ ಹಳೆಯ ಕಾಗದದ ಕಟ್ಟುಗಳಿದ್ದವು. ಮೂರು ವರ್ಷದಿಂದ ಹೊರಗೆ ನೆಟ್ಟ ಯಂತ್ರವೊಂದು ನಿಮಿಷ ನಿಮಿಷಕ್ಕೂ ತಾನೇ ಅಂಕಿ ಕಳಿಸುತ್ತಿತ್ತು. ಹೋಲಿಕೆಗೆಂದು ಬಿಳಿ ಪೆಟ್ಟಿಗೆಯನ್ನು ಈ ತಿಂಗಳ ಕೊನೆಯವರೆಗೆ ಉಳಿಸಿಕೊಂಡಿದ್ದರು. ಆಮೇಲೆ ಪೆಟ್ಟಿಗೆ ಉಗ್ರಾಣಕ್ಕೆ. ಅದಾದ ಒಂದು ತಿಂಗಳಿಗೆ ಅವಳ ನಿವೃತ್ತಿ. ದಿನದಲ್ಲಿ ಅವಳು ಆಡುವ ಮಾತುಗಳೆಲ್ಲ ಬಹುಮಟ್ಟಿಗೆ ಫೋನಿನಲ್ಲಿ, ಬಹುಮಟ್ಟಿಗೆ ಅಂಕಿಗಳು. ಕೆಲವು ಸಂಜೆ ಮನೆಯ ಬೀಗ ತೆಗೆಯುವಾಗ ತನ್ನ ಗಂಟಲು ಕಟ್ಟಿಕೊಂಡಿರುವುದು ಗೊತ್ತಾಗಿ, ಸುಮ್ಮನೆ ಕೆಮ್ಮಿ ನೋಡುತ್ತಿದ್ದಳು.

ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಪ್ರಶಸ್ತಿಪತ್ರವಿತ್ತು: 'ಒಂದೂ ತಿದ್ದುಪಡಿ ಇಲ್ಲದ ಮೂವತ್ತೊಂದು ವರ್ಷಗಳ ವೀಕ್ಷಣೆ.' ಅದು ಅವಳದಲ್ಲ. ಅವಳ ಹಿರಿಯ ಸಹೋದ್ಯೋಗಿಯದು. ಎಲ್ಲರೂ ಬೆನ್ನ ಹಿಂದೆ 'ದಶಾಂಶ' ಎಂದು ಕರೆಯುತ್ತಿದ್ದವನದು. ಒಂದು ದಶಾಂಶಕ್ಕಾಗಿ ಮಳೆಯಲ್ಲಿ ನೆನೆದುಕೊಂಡು ಮತ್ತೆ ಪೆಟ್ಟಿಗೆಯ ಹತ್ತಿರ ಹೋಗಿ ಬರುವ ಮನುಷ್ಯ. ನಿವೃತ್ತನಾಗುವಾಗ ಪತ್ರವನ್ನು ಮನೆಗೆ ಒಯ್ಯಲಿಲ್ಲ. "ಮನೆಯಲ್ಲಿ ಓದೋರು ಯಾರಿದಾರೆ," ಎಂದಿದ್ದ. ಹೋದ ವರ್ಷ ಅವನು ತೀರಿಕೊಂಡ ಸುದ್ದಿ ಎರಡು ಸಾಲಿನ ಸುತ್ತೋಲೆಯಾಗಿ ಬಂತು. ಅವತ್ತು ಅವಳಿಗೆ ಡ್ಯೂಟಿ ಇತ್ತು. ಬದಲಿ ಕೇಳಬಹುದಿತ್ತು. ಕೇಳಲಿಲ್ಲ.

ಅಂಕಿ ಕಳಿಸಿ ಅರ್ಧ ಗಂಟೆಯಾಗಿರಲಿಲ್ಲ, ಪ್ರಧಾನ ಕಚೇರಿಯಿಂದ ಫೋನು ಬಂತು. ಮೂವತ್ತು ವರ್ಷದ ಸರಾಸರಿಗಳನ್ನು ಸಿದ್ಧಪಡಿಸುವ ವಿಭಾಗದ ಅಧಿಕಾರಿಣಿ. ಚುರುಕು ದನಿ.

"ಮೇಡಂ, ನೀವು ಕಳಿಸಿದ ನಾಲ್ಕು ಪಾಯಿಂಟ್ ಮೂರು ನೋಡಿದೆ. ಈ ತಾರೀಕಿಗೆ ಅದಕ್ಕಿಂತ ಕಡಿಮೆ ಒಂದೇ ಒಂದು ಸಲ ಬಂದಿದೆ. ಇಪ್ಪತ್ತಾರು ವರ್ಷದ ಹಿಂದೆ, ನಾಲ್ಕು ಪಾಯಿಂಟ್ ಒಂದು. ಇವತ್ತಿನದು ಬಂತಲ್ಲ ಅಂತ ಹಳೇದನ್ನ ತೆಗೆದು ನೋಡಿದ್ರೆ ನನಗೆ ಅನುಮಾನ."

"ಏನು ಅನುಮಾನ?"

"ಹಿಂದಿನ ದಿನ, ಹದಿನಾರನೇ ತಾರೀಕೂ ಅಷ್ಟೇ ಇದೆ. ಅಷ್ಟಕ್ಕೆ ಅಷ್ಟೇ. ಆದರೆ ಹದಿನಾರರ ರಾತ್ರಿಯಿಂದ ಹದಿನೇಳರ ಬೆಳಿಗ್ಗೆವರೆಗೆ ಪೂರ್ತಿ ಮೋಡ. ಸುತ್ತಲಿನ ಮೂರು ಕೇಂದ್ರದಲ್ಲೂ ಹತ್ತರ ಮೇಲಿದೆ. ಹದಿನಾರರಂದು ಓದಿದ ಮೇಲೆ ಕಡ್ಡಿ ಇಳಿಸೋದು ಮರೆತಿದಾರೆ ಅನ್ನೋಣ ಅಂದ್ರೆ, ಆ ಕಾಲಮ್ಮಲ್ಲಿ ಟಿಕ್ ಇದೆ. ಟಿಕ್ ಇರೋದನ್ನ ನಾನಾಗಿ ಹೊಡೆದುಹಾಕೋ ಹಾಗಿಲ್ಲ. ಕೇಂದ್ರದವರೇ ಹೇಳಬೇಕು, ಸರೀನೋ ತಪ್ಪೋ ಅಂತ."

"ಯಾವಾಗ ಹೇಳಬೇಕು?"

"ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಸರಾಸರಿ ಮುಚ್ತೀವಿ. ಆಮೇಲೆ ಹತ್ತು ವರ್ಷ ಯಾರೂ ಮುಟ್ಟಲ್ಲ. ತಪ್ಪು ಅಂದ್ರೆ ಕಾರಣದ ಜೊತೆ, ಯಾರ ತಪ್ಪು ಅನ್ನೋದೂ ದಾಖಲಾಗುತ್ತೆ. ಹದಿನೇಳರದಕ್ಕೆ ಸಹಿ ಬೇರೆಯವರದಿದೆ. ಹಿಂದೆ ನಿಮ್ಮಲ್ಲಿದ್ದರಲ್ಲ, ಆ ಪ್ರಶಸ್ತಿ ಬಂದವರು."

ಅವಳು ಫೋನಿಟ್ಟಳು. ಆ ಹದಿನಾರನೇ ತಾರೀಕು ಯಾವುದೆಂದು ಹುಡುಕಿ ನೋಡಬೇಕಾಗಿರಲಿಲ್ಲ.

ಅವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಇನ್ನೂ ಖಾಯಂ ಆಗಿರಲಿಲ್ಲ. ಎರಡು ಮೆಮೊ ಬಂದಿದ್ದವು: ಒಂದು, ಗಾಳಿಯ ದಿಕ್ಕು ತಿರುಗಾಮುರುಗಾ ಬರೆದದ್ದಕ್ಕೆ. ಇನ್ನೊಂದು, ಏಳು ನಿಮಿಷ ತಡವಾಗಿ ಓದಿದ್ದಕ್ಕೆ. ಎರಡನ್ನೂ ಬರೆದವನು ದಶಾಂಶ. ಮೂರನೆಯದು ಬಂದರೆ ಗಂಟುಮೂಟೆ ಕಟ್ಟಬೇಕು ಎಂದು ಅವನೇ ತಿಳಿಸಿ ಹೇಳಿದ್ದ. ಆ ಬೆಳಿಗ್ಗೆ ಪೆಟ್ಟಿಗೆಯಿಂದ ಬಂದು, ಕಡ್ಡಿ ಆಮೇಲೆ ಇಳಿಸಿದರಾಯಿತೆಂದು ಮೊದಲು ಅಂಕಿ ಬರೆಯುತ್ತಿದ್ದಾಗ ಪಕ್ಕದ ಮನೆಯವರ ಫೋನು. ಅಮ್ಮ ಬಚ್ಚಲಲ್ಲಿ ಬಿದ್ದಿದ್ದಾಳೆ, ಕಣ್ಣು ಬಿಡುತ್ತಿಲ್ಲ. ಅವಳು ಪೆನ್ನಿನ ಮುಚ್ಚಳವನ್ನೂ ಹಾಕದೆ ಓಡಿದ್ದಳು. ಗೇಟಿನಲ್ಲಿ ಡ್ಯೂಟಿಗೆ ಬರುತ್ತಿದ್ದ ದಶಾಂಶ ಎದುರಾದ. ಏನು ಹೇಳಿದಳೋ ನೆನಪಿಲ್ಲ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದು ನೆನಪಿದೆ.

ಅಮ್ಮ ಮಧ್ಯಾಹ್ನದೊಳಗೆ ಹೋದಳು. ದಿನಾ ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ "ಇವತ್ತು ಎಷ್ಟಿತ್ತೇ?" ಎಂದು ಒಳಗಿನಿಂದ ಕೇಳುತ್ತಿದ್ದವಳು. ಅಂಕಿ ಕೇಳಿ, "ಅಯ್ಯೋ, ನನಗೇನೋ ಜಾಸ್ತಿ ಇದ್ದ ಹಾಗಿತ್ತಪ್ಪ," ಎಂದು ಸರ್ಕಾರದ ಥರ್ಮಾಮೀಟರನ್ನೇ ಅನುಮಾನಿಸುತ್ತಿದ್ದವಳು. ಒಂಬತ್ತು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಾಗ ಬೇರೆಲ್ಲರೂ ಎರಡು ಮಾತಾಡಿ ಕೈ ಹಿಡಿದರು. ದಶಾಂಶ ರಿಜಿಸ್ಟರಿನಿಂದ ತಲೆಯೆತ್ತಿ, "ಚಳಿ ಕಡಿಮೆಯಾಗಿದೆ. ಸರಾಸರಿಗೆ ಬಂದಿದೆ," ಎಂದ. ಅಷ್ಟೇ. ಆ ಮಾತನ್ನು ಅವಳು ಅವನಿಗೆ ಕ್ಷಮಿಸಲಿಲ್ಲ. ಮುಂದಿನ ಹದಿನೆಂಟು ವರ್ಷ ಅವನು ಬಂದಾಗ ಅವಳು ಹೊರಟಳು, ಅವಳು ಬಂದಾಗ ಅವನು ಹೊರಟ. ನಡುವಿನ ಹತ್ತು ನಿಮಿಷ ಗಾಳಿ, ಮೋಡ, ಒತ್ತಡ. ಬೇರೊಂದು ಮಾತಿಲ್ಲ.

ಹನ್ನೊಂದರ ಹೊತ್ತಿಗೆ ಅವಳು ಕಪಾಟು ತೆರೆದು ಆ ವರ್ಷದ ರಿಜಿಸ್ಟರ್ ಕೆಳಗಿಳಿಸಿದಳು. ಮಾರ್ಚ್ ಪುಟದ ಅಂಚು ಹಳದಿಯಾಗಿತ್ತು. ಹದಿನೈದನೇ ತಾರೀಕು ಅವಳ ಕೈಬರಹ, ಕಚೇರಿಯ ನೀಲಿ ಬಾಲ್‌ಪೆನ್ನು, ಬಾಲ ಉದ್ದಕ್ಕೆ ಎಳೆದ ಸರಿ ಗುರುತು. ಆ ಬಾಲ ಪಕ್ಕದ ಕಾಲಮ್ಮಿಗೆ ಹೋಗುತ್ತದೆಂದು ಅವನು ಎಷ್ಟೋ ಸಲ ಗೊಣಗಿದ್ದ. ಹದಿನಾರನೇ ತಾರೀಕು: 4.1, ಅವಳದೇ ಅಕ್ಷರ, ಅದೇ ನೀಲಿ. ಅದರ ಮುಂದೆ ಸರಿ ಗುರುತು.

ಅವಳು ಪುಟವನ್ನು ಕಿಟಕಿಯ ಹತ್ತಿರ ಹಿಡಿದಳು. ಗುರುತು ಕಪ್ಪಗಿತ್ತು. ಅಕ್ಕಿಕಾಳಿನಷ್ಟು ಚಿಕ್ಕದು, ಚೌಕದ ನಟ್ಟನಡುವೆ, ಎಲ್ಲಿಯೂ ಗೆರೆ ಮುಟ್ಟದ ಹಾಗೆ. ಕೇಂದ್ರದಲ್ಲಿ ಕಪ್ಪು ಶಾಯಿಯ ಪೆನ್ನು ಇದ್ದದ್ದು ಒಬ್ಬನ ಹತ್ತಿರ. ಕೆಳಗಿನ ಸಾಲಿನಲ್ಲಿ, ಹದಿನೇಳರ 4.1 ಅದೇ ಕಪ್ಪಿನಲ್ಲಿತ್ತು. ಪ್ರಧಾನ ಕಚೇರಿಯವರ ಹತ್ತಿರ ಇರುವ ನಕಲಿನಲ್ಲಿ ನೀಲಿಯೂ ಒಂದೇ, ಕಪ್ಪೂ ಒಂದೇ.

ಮೋಡ ಕವಿದ ಬೆಳಿಗ್ಗೆ ಅವನು ಪೆಟ್ಟಿಗೆ ತೆರೆದು, ಕಡ್ಡಿ ನಿನ್ನೆಯ ಜಾಗದಲ್ಲೇ ಇರುವುದನ್ನು ನೋಡಿರಬೇಕು. ನೋಡಿದ ಕೂಡಲೇ ತಿಳಿದಿರಬೇಕು. 'ಕಡ್ಡಿ ಇಳಿಸಿಲ್ಲ' ಎಂದು ಬರೆದರೆ ಮೂರನೆಯ ಮೆಮೊ. ಎಷ್ಟು ಹೊತ್ತು ಪೆನ್ನು ಹಿಡಿದು ಕೂತಿದ್ದನೋ. ಆಮೇಲೆ ಮೇಲಿನ ಸಾಲಿಗೆ ಹೋಗಿ, ಅವಳು ಬಿಟ್ಟುಹೋದ ಚೌಕದಲ್ಲಿ ಗುರುತು ಹಾಕಿ, ಕೆಳಗೆ ಬಂದು ತಾನು ಕಂಡದ್ದನ್ನು ಬರೆದು ಸಹಿ ಹಾಕಿದ್ದ.

ಅವಳು ಅವನು ಕೂರುತ್ತಿದ್ದ ಕುರ್ಚಿಯ ಮೇಲಿದ್ದ ಕಾಗದದ ಕಟ್ಟುಗಳನ್ನು ಎತ್ತಿ ನೆಲಕ್ಕಿಟ್ಟಳು. ಏಕೆ ಇಟ್ಟಳೆಂದು ಅವಳಿಗೇ ತಿಳಿಯಲಿಲ್ಲ. ಕುರ್ಚಿಯ ಸೀಟಿನಲ್ಲಿ ಧೂಳು ಕೂರದ ಚೌಕವೊಂದು ಉಳಿದಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದಳು. ಆ ಒಂದು ಅಂಕಿ ಉಳಿದರೆ ಈ ತಾರೀಕಿನ ಮೂವತ್ತು ವರ್ಷದ ಸರಾಸರಿ ಹನ್ನೊಂದು ದಶಾಂಶ ಐದು. ತೆಗೆದರೆ ಹನ್ನೊಂದು ದಶಾಂಶ ಎಂಟು. ಮೂರು ದಶಾಂಶದ ವ್ಯತ್ಯಾಸ. ಯಾರ ಮೈಗೂ ಗೊತ್ತಾಗದಷ್ಟು. ಒಂದು ದಶಾಂಶಕ್ಕೆ ಮಳೆಯಲ್ಲಿ ನೆನೆದವನು ಈ ಮೂರನ್ನು ಸಾಯುವವರೆಗೂ ಹೊತ್ತಿದ್ದ. 'ಸರಿ' ಎಂದರೆ ಅವನ ಹೆಸರು ಗೋಡೆಯ ಮೇಲೆ ಹಾಗೇ ಉಳಿಯುತ್ತದೆ, ಸುಳ್ಳು ಸರಾಸರಿಯೂ ಉಳಿಯುತ್ತದೆ. 'ತಪ್ಪು' ಎಂದರೆ ಸತ್ತವನ ಒಂದೇ ಒಂದು ತಿದ್ದುಪಡಿ ಅವಳ ಕೈಯಿಂದ ಆಗುತ್ತದೆ.

ಫೋನು ಮತ್ತೆ ಅದುರಿತು. "ಅಕ್ಕಾ, ದಾಖಲೆ ಆಯ್ತಾ? ಇಲ್ಲಿ ಒಬ್ಬಜ್ಜಿ ಮೂವತ್ತೆರಡು ಜನಕ್ಕೆ ಪದಬಂಧ ಹೇಳಿಕೊಡ್ತಿದಾರೆ. ಅದು ಮುಗಿದ ಮೇಲೆ ಯುದ್ಧಾನೇ."

"ಇನ್ನೂ ಇಲ್ಲ."

"ನೀವೂ ಹಳೇ ದಶಾಂಶದ ಹಾಗೇ ಆಗೋದ್ರಿ ಬಿಡಿ," ಎಂದು ನಕ್ಕ.

ಅವಳು ನಗಲಿಲ್ಲ. "ಹತ್ತು ನಿಮಿಷ ಕೊಡಪ್ಪ," ಎಂದಳು.

ಪ್ರಧಾನ ಕಚೇರಿಯ ಅಧಿಕಾರಿಣಿ ಮೊದಲ ರಿಂಗಿಗೇ ಎತ್ತಿಕೊಂಡಳು.

"ಹದಿನೇಳರದ್ದು ತಪ್ಪು," ಎಂದಳು ಅವಳು. "ಹೊಡೆದುಹಾಕಿ. ಹದಿನಾರರಂದು ಕಡ್ಡಿ ಇಳಿಸಿರಲಿಲ್ಲ. ನನ್ನ ಡ್ಯೂಟಿ."

"ಮತ್ತೆ ಸಹಿ ಮಾಡಿದವರು?"

"ಅವರು ಥರ್ಮಾಮೀಟರ್ ತೋರಿಸಿದ್ದನ್ನ ಬರೆದಿದಾರೆ. ಅವರದ್ದು ಸರಿಯಾಗೇ ಇದೆ. ತಪ್ಪು ನಂದು."

"ಆದ್ರೆ ಟಿಕ್ ಇದೆಯಲ್ಲ ಮೇಡಂ?"

ಕಿಟಕಿಯಾಚೆ ಬಿಳುಪು ಸ್ವಲ್ಪ ತೆಳುವಾಗಿತ್ತು. ಬೇಲಿಯ ಒಂದು ಕಂಬ ಕಾಣುತ್ತಿತ್ತು.

"ಅದನ್ನೂ ನಾನೇ ಹಾಕಿದ್ದು," ಎಂದಳು. "ಇಳಿಸದೇನೇ ಹಾಕಿದೆ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ಇದು ಮರೆತ ಹಾಗಲ್ಲ. ಸುಳ್ಳು ದಾಖಲೆ ಅಂತಾಗುತ್ತೆ. ನಿಮ್ಮ ಫೈಲಿಗೆ ಹೋಗುತ್ತೆ. ನಿವೃತ್ತಿಗೆ ಎಷ್ಟು ದಿನ ಇದೆ ನಿಮಗೆ?"

"ನಲವತ್ತನಾಲ್ಕು."

"ಯೋಚನೆ ಮಾಡಿ ಹೇಳಿ. ಮೂರು ಗಂಟೆವರೆಗೆ ಸಮಯ ಇದೆ."

"ಬರ್ಕೊಳ್ಳಿ," ಎಂದಳು ಅವಳು. ತನ್ನ ಹೆಸರನ್ನು ನಿಧಾನವಾಗಿ, ಅಕ್ಷರ ಬಿಡಿಸಿ ಹೇಳಿದಳು.

ರಿಜಿಸ್ಟರಿನಲ್ಲಿ ಏನನ್ನೂ ಅಳಿಸುವಂತಿಲ್ಲ, ಮೆತ್ತುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಂಕಿ ಓದಲು ಬರುವ ಹಾಗೆ. ಅದನ್ನು ಅವಳಿಗೆ ಮೊದಲ ದಿನ ಕಲಿಸಿದವನು ಅವನೇ. ಅಳತೆಪಟ್ಟಿ ಇಟ್ಟು ಹದಿನೇಳರ 4.1ರ ಮೇಲೆ ತೆಳ್ಳಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದಳು. ಮೇಲಿನ ಸಾಲಿನ ಕಪ್ಪು ಗುರುತನ್ನು ಮುಟ್ಟಲಿಲ್ಲ. ಶಾಯಿ ಆರುವ ತನಕ ಪುಟವನ್ನು ತೆರೆದೇ ಇಟ್ಟಳು.

ಇದು ದಾಖಲೆಯೇ ಎಂದು ಮ್ಯಾನೇಜರಿಗೆ ತಿಳಿಸಿದಾಗ ಅವನು "ಬದುಕಿದೆ ಅಕ್ಕಾ!" ಎಂದು ಕೂಗಿ, ಥ್ಯಾಂಕ್ಸ್ ಹೇಳುವುದನ್ನೂ ಮರೆತು ಫೋನಿಟ್ಟ. ಸ್ವಲ್ಪ ಹೊತ್ತಿಗೆ ಟರ್ಮಿನಲ್ಲಿನ ಮೈಕಿನ ದನಿ ಮಂಜಿನೊಳಗಿಂದ ತುಂಡುತುಂಡಾಗಿ ತೇಲಿ ಬಂತು: "...ಈ ದಿನಾಂಕದಂದು ಇಲ್ಲಿಯವರೆಗೆ ದಾಖಲಾದ ಅತಿ ಕಡಿಮೆ..." ಆಮೇಲೆ ಜನರ ಒಂದು ಉದ್ಗಾರ. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಇವತ್ತಿನ ಪುಟ ಮೇಜಿನ ಮೇಲಿತ್ತು. 4.3, ನೀಲಿ. ಅದರ ಮುಂದಿನ ಚೌಕ ಖಾಲಿ. ಅವಳು ಅದನ್ನೇ ನೋಡುತ್ತ ಕೂತಳು. ಬೆಳಿಗ್ಗೆ ಫೋನು ಅದುರಿದ್ದು, ಕೈ ಹಿಂದೆ ಬಂದದ್ದು ನೆನಪಾಯಿತು. ಎದುರಿನ ಕುರ್ಚಿಯತ್ತ ಒಮ್ಮೆ ಕಣ್ಣು ಹೋಯಿತು. ಸ್ವೆಟರ್ ಹಾಕಿಕೊಂಡು ಎದ್ದಳು.

ಹುಲ್ಲಿನ ಮೇಲಿನ ಹೆಜ್ಜೆಗುರುತುಗಳು ಇಬ್ಬನಿ ಕರಗಿ ಮಾಯವಾಗಿದ್ದವು. ಪೆಟ್ಟಿಗೆ ತೆರೆದು, ಎರಡು ಕೈಯಲ್ಲೂ ಥರ್ಮಾಮೀಟರನ್ನು ಎತ್ತಿ ಮೆಲ್ಲಗೆ ಓರೆ ಮಾಡಿದಳು. ಕಡ್ಡಿ ಕದಲಲಿಲ್ಲ. ಇನ್ನಷ್ಟು ಓರೆ ಮಾಡಿದಳು. ಒಮ್ಮೆ ನಡುಗಿ, ಜಾರಿ, ನಡುವೆ ತಡೆದು, ಮತ್ತೆ ಜಾರಿ ದ್ರವದ ತುದಿಗೆ ತಾಗಿ ನಿಂತಿತು. ಹತ್ತು ದಶಾಂಶ ಎರಡು.

"ಹತ್ತು ಪಾಯಿಂಟ್ ಎರಡು," ಎಂದು ಅವಳು ಗಟ್ಟಿಯಾಗಿ ಹೇಳಿದಳು.

ದೂರದಲ್ಲಿ ಮೊದಲ ವಿಮಾನ ಎಂಜಿನ್ ಏರಿಸಿತು. ಸದ್ದು ರನ್‌ವೇ ಹಿಡಿದು ಹತ್ತಿರ ಬಂದು, ಹುಲ್ಲನ್ನೂ ಪೆಟ್ಟಿಗೆಯ ಬಾಗಿಲನ್ನೂ ಅಲ್ಲಾಡಿಸಿ, ತಲೆಯ ಮೇಲೆ ಹಾದು ಬಿಳುಪಿನೊಳಗೆ ಹೋಯಿತು. ಅದು ಪೂರ್ತಿ ಅಡಗುವವರೆಗೆ ಅವಳು ಕಡ್ಡಿ ಕದಲದ ಹಾಗೆ ಕೊಳವೆಯನ್ನು ಸಮನಾಗಿ ಹಿಡಿದುಕೊಂಡೇ ನಿಂತಿದ್ದಳು.